ಸುಣ್ಣಗಲ್ಲಿನ ಸೀಮೆಯೂ ಕಾಣದ ಕಿರಣಗಳೂ

ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಲೆಂದು ಇಳಿದ ಪ್ರಯಾಣಿಕನಿಗೆ ಈ ಸೀಮೆಯ ಮೊದಲ ಪರಿಚಯವಾಗುವುದು ಧೂಳಿನಿಂದ. ಬೇವಿನ ಎಲೆಯ ಮೇಲೆ, ಮಾಳಿಗೆಯ ಮೇಲೆ, ಒಣಗಲು ಹಾಕಿದ ಬಟ್ಟೆಯ ಮೇಲೆ ಅದು ಸಣ್ಣಗೆ ಕೂತಿರುತ್ತದೆ. ಶಹಾಬಾದಕ್ಕೆ ಹೋದರೆ ನೆಲವನ್ನೇ ಪುಟಪುಟವಾಗಿ ಬಿಡಿಸಿದಂತೆ ಫರಸಿ ಕಲ್ಲಿನ ಗಣಿಗಳು. ಚಿತ್ತಾಪುರ, ಸೇಡಂಗಳ ಕಡೆಗೆ ಸಿಮೆಂಟ್ ಕಾರ್ಖಾನೆಗಳ ಎತ್ತರದ ಗೋಪುರಗಳು. ಇನ್ನೂ ಮುಂದೆ ಚಿಂಚೋಳಿಯ ಕೆಂಪು ಮುರಕಲ್ಲಿನ ದಿನ್ನೆಗಳು. ಕಲ್ಲನ್ನು ಕಡಿದು, ಸುಟ್ಟು, ಅರೆದು ಬದುಕುವ ಜನ ಇವರು. ಕಲ್ಲು ಏನನ್ನು ಕೊಡುತ್ತದೆ, ಏನನ್ನು ಕಸಿದುಕೊಳ್ಳುತ್ತದೆ ಎಂಬುದನ್ನು ಇವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಆದರೆ ಈಗ ಇವರ ನೆರೆಯಲ್ಲಿ ಕಣ್ಣಿಗೆ ಕಾಣದ, ಕೈಗೆ ಹತ್ತದ, ಬಟ್ಟೆಯಿಂದ ಒರೆಸಲಾಗದ ಒಂದು ವಸ್ತುವಿನ ಮಾತು ಕೇಳಿಬರುತ್ತಿದೆ. ಅದರ ಹೆಸರು ವಿಕಿರಣ.

ಈ ಮಾತಿಗೆ ಕಾರಣವಾದ ಊರು ಗೋಗಿ. ಮೊದಲು ಕಲಬುರಗಿ ಜಿಲ್ಲೆಯಲ್ಲಿದ್ದು ಈಗ ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿಗೆ ಸೇರಿರುವ ಈ ಗ್ರಾಮ ವಾಡಿಯಿಂದ ಹಕ್ಕಿ ಹಾರುವ ಹಾದಿಯಲ್ಲಿ ನಲವತ್ತು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಬಿಜಾಪುರದ ಆದಿಲಶಾಹಿಯ ಸ್ಥಾಪಕ ಯೂಸುಫ್ ಆದಿಲಶಹನ ಸಮಾಧಿ ಇರುವುದು ಇಲ್ಲಿಯೇ. ಇತಿಹಾಸಕಾರರಿಗೆ ಮಾತ್ರ ಬೇಕಾಗಿದ್ದ ಈ ಊರು 1990ರ ದಶಕದ ಮಧ್ಯಭಾಗದಿಂದ ಪರಮಾಣು ಖನಿಜ ನಿರ್ದೇಶನಾಲಯಕ್ಕೂ ಬೇಕಾಯಿತು. ಊರಿನ ಕೆಳಗೆ, ಭೂಸ್ತರ ಸೀಳಿ ಜರುಗಿದ ಒಂದು ಭ್ರಂಶದ ಗುಂಟ, ಯುರೇನಿಯಂ ಅದಿರು ದೊರೆಯಿತು. ಪರಿಶೋಧನೆಗೆಂದು ಸುರಂಗ ತೋಡಲಾಯಿತು. ಊರಿನವರು ಆತಂಕಪಟ್ಟರು, ವಿರೋಧಿಸಿದರು. ಯೋಜನೆ ಬಹುಕಾಲ ಮುಂದೆ ಸಾಗದೆ ಉಳಿಯಿತು.

ಆದರೆ ಕಾಲ ಬದಲಾಗಿದೆ. 2047ರ ವೇಳೆಗೆ ಒಂದು ನೂರು ಗಿಗಾವಾಟ್ ಪರಮಾಣು ವಿದ್ಯುತ್ತಿನ ಗುರಿಯನ್ನು ಕೇಂದ್ರ ಸರ್ಕಾರವು 2025ರ ಫೆಬ್ರವರಿಯ ಮುಂಗಡಪತ್ರದಲ್ಲಿ ಸಾರಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯವು ಪರಮಾಣು ಖನಿಜಗಳ ಗಣಿ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಕೊಟ್ಟಿತು. ಹಿಂದೆ ಇಂಥ ಗಣಿಗೆ ಅನುಮತಿ ಕೊಡುವ ಮೊದಲು ಅಧಿಕಾರಿಗಳು ಊರಿಗೆ ಬಂದು, ಪೆಂಡಾಲು ಹಾಕಿಸಿ, ಜನರು ಕೇಳಿದ್ದನ್ನು ಬರೆದುಕೊಳ್ಳಬೇಕಾಗಿತ್ತು. ಇನ್ನು ಆ ನಿರ್ಬಂಧವಿಲ್ಲ. ಕೇಳುವ ಸಭೆ ಇಲ್ಲದಿರುವಾಗ ಕೇಳಬೇಕಾದ ಪ್ರಶ್ನೆಯನ್ನು ಜನರು ತಾವೇ ಮೊದಲು ಅರಿತಿರಬೇಕಾಗುತ್ತದೆ. ಈ ಲೇಖನದ ಉದ್ದೇಶ ಅಷ್ಟೇ.

ವಾಡಿ, ಸೇಡಂಗಳಿಗೂ ಗೋಗಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ಕಲ್ಲಿನದು. ಭೀಮಾ, ಕಾಗಿಣಾ ನದಿಗಳ ಈ ಬಯಲು ಭೂಮಿಯ ಮೇಲೆ ಪ್ರಾಣಿಗಳು ಕಾಣಿಸಿಕೊಳ್ಳುವುದಕ್ಕೂ ಹಿಂದೆ ಆಳವಿಲ್ಲದ ಸಮುದ್ರವಾಗಿತ್ತು. ಅದರ ತಳದಲ್ಲಿ ಪದರಪದರವಾಗಿ ನಿಂತ ಸುಣ್ಣವೇ ಇಂದಿನ ಶಹಾಬಾದಿ ಕಲ್ಲು. ಭೂವಿಜ್ಞಾನಿಗಳು ಈ ಶಿಲಾಸ್ತರಕ್ಕೆ ಕೊಟ್ಟ ಹೆಸರೂ ಶಹಾಬಾದಿನದೇ. ಗೋಗಿಯಲ್ಲಿ ಇದೇ ಕಲ್ಲು ಒಡೆದು ಚೂರಾಗಿ, ಕೆಳಗಿನ ಕಗ್ಗಲ್ಲಿನಿಂದ ಬಂದ ಬಿಸಿ ದ್ರವಗಳು ಆ ಬಿರುಕುಗಳಲ್ಲಿ ಹರಿದು ಯುರೇನಿಯಮ್ಮನ್ನು ಇಳಿಸಿ ಹೋದವು. ಇದರಿಂದ ಶಹಾಬಾದಿ ಫರಸಿ ಹಾಸಿದ ಮನೆಗಳಿಗೆಲ್ಲ ಅಪಾಯವೆಂದು ತಿಳಿಯಬಾರದು. ಸಾಮಾನ್ಯ ಸುಣ್ಣಗಲ್ಲಿನಲ್ಲಿ ಯುರೇನಿಯಂ ಅತ್ಯಲ್ಪ. ಅದರ ಮಟ್ಟಿಗೆ ಕಗ್ಗಲ್ಲಿನ ಮನೆಗಿಂತ ಫರಸಿಯ ಮನೆಯೇ ವಾಸಿ. ಆದರೆ ಸುಣ್ಣಗಲ್ಲಿಗೆ ಇನ್ನೊಂದು ಗುಣವುಂಟು. ಅದು ಬಿರುಕುಗಳಲ್ಲಿ ನೀರನ್ನು ಹರಿಸುತ್ತದೆ. ಒಂದು ಕಡೆ ನೆಲದಲ್ಲಿ ಇಳಿದದ್ದು ಇನ್ನೊಂದು ಕಡೆ ಕೊಳವೆಬಾವಿಯಲ್ಲಿ ಏಳಬಹುದು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದುವರಿಯೋಣ.

ವಿಕಿರಣದ ಬಗೆಗೆ ನಡೆಯುವ ಚರ್ಚೆಯಲ್ಲಿ ಎರಡು ದನಿಗಳು ಕೇಳಿಬರುತ್ತವೆ. ವಿಕಿರಣವೆಂದರೆ ಸಂತಾನಕ್ಕೇ ಮೃತ್ಯು ಎಂಬುದು ಒಂದು. ವಿಕಿರಣವು ಎಲ್ಲೆಲ್ಲಿಯೂ ಇದೆ, ಉಣ್ಣುವ ಅನ್ನದಲ್ಲಿಯೂ ಇದೆ, ಹೆದರಬೇಡಿ ಎಂಬುದು ಇನ್ನೊಂದು. ಇವೆರಡೂ ಒಂದೇ ತಪ್ಪನ್ನು ಮಾಡುತ್ತವೆ: ಗುಣದಲ್ಲಿ ಬೇರೆಬೇರೆಯಾದ ನಾಲ್ಕು ವಸ್ತುಗಳನ್ನು ಒಂದೇ ಹೆಸರಿನಿಂದ ಕರೆಯುತ್ತವೆ. ಹಾವು, ಚೇಳು, ನಾಯಿ, ನುಸಿ ಇವೆಲ್ಲವನ್ನೂ 'ಕಚ್ಚುವುದು' ಎಂಬ ಒಂದೇ ಮಾತಿನಿಂದ ಕರೆದರೆ ಔಷಧ ಕೊಡುವವನು ಏನು ಮಾಡಿಯಾನು?

ಯುರೇನಿಯಮ್ಮಿನ ಲವಣವು ಕಪ್ಪು ಕಾಗದದಲ್ಲಿ ಸುತ್ತಿಟ್ಟ ಛಾಯಾಚಿತ್ರದ ಫಲಕವನ್ನೂ ಮಸುಕುಗೊಳಿಸುತ್ತದೆಂದು ಫ್ರಾನ್ಸಿನ ಬೆಕೆರೆಲ್ 1896ರಲ್ಲಿ ಕಂಡನು. ಅದು ಹೊರಬಿಡುವ ಕಿರಣಗಳಲ್ಲಿ ಎರಡು ಜಾತಿಗಳಿವೆಯೆಂದು 1899ರಲ್ಲಿ ರುದರ್‌ಫೋರ್ಡ್ ತೋರಿಸಿ ಆಲ್ಫಾ, ಬೀಟಾ ಎಂದು ಹೆಸರಿಟ್ಟನು. ಮರುವರ್ಷ ವಿಲ್ಲಾರ್ ಮೂರನೆಯದನ್ನು ಕಂಡನು, ಅದು ಗಾಮಾ. 1932ರಲ್ಲಿ ಚಾಡ್ವಿಕ್ ನ್ಯೂಟ್ರಾನನ್ನು ಕಂಡುಹಿಡಿದನು. ಇವೆಲ್ಲದರ ತವರು ಒಂದೇ, ಪರಮಾಣುವಿನ ಗರ್ಭದಲ್ಲಿರುವ ಬೀಜಕೇಂದ್ರ. ಆ ಬೀಜವು ತನ್ನಲ್ಲಿ ತಾನು ನೆಮ್ಮದಿಯಾಗಿರಲಾರದೆ ಏನನ್ನಾದರೂ ಹೊರಗೆಸೆದು ಹಗುರವಾಗುತ್ತದೆ. ಎಸೆಯುವುದು ಏನನ್ನು ಎಂಬುದರಲ್ಲಿದೆ ಭೇದ.

ಆಲ್ಫಾ ಎಂದರೆ ಎರಡು ಪ್ರೋಟಾನು, ಎರಡು ನ್ಯೂಟ್ರಾನುಗಳ ಒಂದು ಗಟ್ಟಿ ಉಂಡೆ. ಭಾರವಾದದ್ದು, ವಿದ್ಯುದಂಶವುಳ್ಳದ್ದು, ಆದುದರಿಂದಲೇ ದೂರ ಹೋಗಲಾರದು. ಗಾಳಿಯಲ್ಲಿ ಕೆಲವು ಸೆಂಟಿಮೀಟರ್ ಸಾಗುವಷ್ಟರಲ್ಲಿ ಬಸವಳಿಯುತ್ತದೆ. ಈ ಪತ್ರಿಕೆಯ ಒಂದು ಹಾಳೆ ಸಾಕು, ಅದನ್ನು ತಡೆಯಲು. ನಮ್ಮ ಮೈಯ ಮೇಲಿನ ಸತ್ತ ಚರ್ಮ ಸಾಕು. ಯುರೇನಿಯಂ ಅದಿರನ್ನು ಅಂಗೈಯಲ್ಲಿ ಹಿಡಿದವನಿಗೆ ಅದರ ಆಲ್ಫಾದಿಂದ ಹಾನಿಯಿಲ್ಲ. ಆದರೆ ಅದೇ ಕಣ ಉಸಿರಿನೊಡನೆ ಶ್ವಾಸಕೋಶಕ್ಕೋ ನೀರಿನೊಡನೆ ಹೊಟ್ಟೆಗೋ ಇಳಿಯಿತೆಂದರೆ ಕಥೆ ತಿರುಗುತ್ತದೆ. ಅಲ್ಲಿ ಸತ್ತ ಚರ್ಮದ ರಕ್ಷೆಯಿಲ್ಲ. ತನ್ನ ಶಕ್ತಿಯನ್ನೆಲ್ಲ ಕೂದಲೆಳೆಯಷ್ಟು ಅಂತರದೊಳಗೆ ಸುರಿದು ಜೀವಕೋಶವನ್ನು ಘಾಸಿಗೊಳಿಸುತ್ತದೆ. ಸಮಾನ ಶಕ್ತಿಯ ಗಾಮಾಕ್ಕಿಂತ ಇಪ್ಪತ್ತು ಪಟ್ಟು ಹೆಚ್ಚು ಹಾನಿಕರವೆಂದು ಲೆಕ್ಕ ಹಿಡಿಯುವುದು ಈ ಕಾರಣದಿಂದಲೇ.

ಬೀಟಾ ಎಂಬುದು ವೇಗದಿಂದ ಹಾರುವ ಎಲೆಕ್ಟ್ರಾನು. ಇದು ಹಗುರ, ಗಾಳಿಯಲ್ಲಿ ಕೆಲವು ಮೀಟರು ಹೋಗಬಲ್ಲದು, ಚರ್ಮದೊಳಗೆ ತುಸು ಇಳಿಯಬಲ್ಲದು. ಕೆಲವು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡು ಇದನ್ನು ನಿಲ್ಲಿಸುತ್ತದೆ. ಇದರ ಸ್ವಭಾವವನ್ನು ಕನ್ನಡನಾಡು ಕಂಡದ್ದು ಕೈಗಾದಲ್ಲಿ. 2009ರ ನವೆಂಬರಿನಲ್ಲಿ ಅಲ್ಲಿಯ ಅಣುಸ್ಥಾವರದ ಕುಡಿಯುವ ನೀರಿನ ಯಂತ್ರದಲ್ಲಿ ಯಾರೋ ಟ್ರಿಟಿಯಂ ಬೆರೆತ ಭಾರಜಲವನ್ನು ಸೇರಿಸಿದರು. ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೂತ್ರದಲ್ಲಿ ಅದು ಗೊತ್ತಾಯಿತು. ಟ್ರಿಟಿಯಂ ಹೊರಬಿಡುವ ಬೀಟಾ ಎಷ್ಟು ದುರ್ಬಲವೆಂದರೆ ಹೊರಗಿನಿಂದ ಚರ್ಮವನ್ನು ದಾಟದು; ಬಾಗಿಲಲ್ಲಿ ನಿಲ್ಲಿಸಿ ಮೈ ತಪಾಸಿಸುವ ಯಂತ್ರಕ್ಕೂ ಅದು ಸಿಕ್ಕದು. ಆದರೆ ನೀರಾಗಿಯೇ ಒಳಗೆ ಹೋದರೆ ಮೈಯೆಲ್ಲ ಹರಡುತ್ತದೆ. ಹೆಚ್ಚು ನೀರು ಕುಡಿಸಿ ಮೂತ್ರದ ಮೂಲಕ ಹೊರದೂಡುವುದೇ ಚಿಕಿತ್ಸೆ. ಅಳೆಯುವ ವಿಧಾನ ತಪ್ಪಿದರೆ ಇರುವ ವಸ್ತುವೂ ಇಲ್ಲದಂತೆಯೇ ಎಂಬ ಪಾಠವನ್ನು ಕೈಗಾ ಕಲಿಸಿತು.

ಗಾಮಾ ಕಣವಲ್ಲ, ಬೆಳಕಿನ ಜಾತಿಯದು. ಕಣ್ಣಿಗೆ ಕಾಣದಷ್ಟು ಸಣ್ಣ ಅಲೆಯುಳ್ಳದ್ದು. ಇದು ಮೈಯನ್ನು ಹೊಕ್ಕು ಆಚೆ ಹೊರಡುತ್ತದೆ. ಸಂಪೂರ್ಣವಾಗಿ ತಡೆಯುವ ಗೋಡೆಯಿಲ್ಲ, ಕ್ರಮೇಣ ಕುಗ್ಗಿಸಬಹುದು. ಕೋಬಾಲ್ಟ್-60ರ ಗಾಮಾವನ್ನು ಅರ್ಧಕ್ಕಿಳಿಸಲು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಸೀಸ ಬೇಕು, ಇಲ್ಲವೆ ಆರು ಸೆಂಟಿಮೀಟರಿನಷ್ಟು ಕಾಂಕ್ರೀಟು. ಶಹಾಬಾದಿನ ಲೆಕ್ಕದಲ್ಲಿ ಹೇಳುವುದಾದರೆ ಒಂದರ ಮೇಲೊಂದಿಟ್ಟ ಎರಡು ದಪ್ಪ ಫರಸಿ. ಕಲಬುರಗಿಯ, ಬೆಂಗಳೂರಿನ ಅರ್ಬುದ ಆಸ್ಪತ್ರೆಗಳಿಗೆ ಹೋಗಿಬಂದವರು 'ಕರೆಂಟು ಕೊಡಿಸಿದೆವು' ಎನ್ನುತ್ತಾರಲ್ಲ, ಆ 'ಕರೆಂಟು' ದಶಕಗಳ ಕಾಲ ಈ ಕೋಬಾಲ್ಟಿನ ಗಾಮಾವೇ ಆಗಿತ್ತು. ಎಷ್ಟೋ ತಾಯಂದಿರನ್ನು ಅದು ಉಳಿಸಿದೆ. ಅದೇ ಕೋಬಾಲ್ಟು 2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಅಂಗಡಿಗಳಲ್ಲಿ ಒಬ್ಬನ ಪ್ರಾಣ ತೆಗೆಯಿತು. ಪ್ರಯೋಗಶಾಲೆಯೊಂದರಲ್ಲಿ ಉಪಯೋಗವಿಲ್ಲದೆ ಬಿದ್ದಿದ್ದ ಉಪಕರಣವನ್ನು ಹರಾಜು ಹಾಕಿದ್ದರು. ಒಳಗೇನಿದೆಯೆಂದು ತಿಳಿಯದ ಕೂಲಿಯವರು ಅದನ್ನು ಒಡೆದಿದ್ದರು.

ಈ ಮಾತು ಸಿಮೆಂಟಿನ ಸೀಮೆಗೆ ಪರಕೀಯವಲ್ಲ. ಸಿಮೆಂಟ್ ಉದ್ಯಮದಲ್ಲಿ, ಕುದಿಯುವ ಬಿಸಿಯ ಗೋಪುರದೊಳಗೆ ಕಲ್ಲುಪುಡಿ ಕಟ್ಟಿಕೊಂಡಿದೆಯೇ ಎಂದು ತಿಳಿಯಲು ಸೀಸದ ಪೆಟ್ಟಿಗೆಯಲ್ಲಿಟ್ಟ ಗಾಮಾ ಮೂಲವನ್ನು ಬಳಸುವುದುಂಟು. ಪಟ್ಟಿಯ ಮೇಲೆ ಸಾಗುವ ಕಲ್ಲಿನಲ್ಲಿ ಸುಣ್ಣವೆಷ್ಟು, ಮರಳಿನಂಶವೆಷ್ಟು ಎಂದು ಕ್ಷಣಕ್ಷಣಕ್ಕೆ ತಿಳಿಯಲು ಕ್ಯಾಲಿಫೋರ್ನಿಯಂ-252 ಎಂಬ ಧಾತುವಿನ ನ್ಯೂಟ್ರಾನುಗಳನ್ನು ಹಾಯಿಸುವುದೂ ಉಂಟು. ನಾಲ್ಕನೆಯದಾದ ಈ ನ್ಯೂಟ್ರಾನಿಗೆ ವಿದ್ಯುದಂಶವಿಲ್ಲ. ಸೀಸದ ಗೋಡೆಯನ್ನು ಅದು ಲೆಕ್ಕಿಸದು. ಅದನ್ನು ಸಾವಕಾಶಗೊಳಿಸುವುದು ನೀರು, ಮೇಣ ಮೊದಲಾದ ಜಲಜನಕವುಳ್ಳ ಹಗುರ ವಸ್ತುಗಳು. ಮಿಕ್ಕ ಮೂರಕ್ಕಿಲ್ಲದ ಗುಣವೊಂದು ಇದಕ್ಕಿದೆ: ತಾನು ತಾಕಿದ ವಸ್ತುವನ್ನೂ ವಿಕಿರಣಶೀಲವಾಗಿಸಬಲ್ಲದು. ಇಂಥ ಉಪಕರಣಗಳು ಬೀಗಮುದ್ರೆಯಲ್ಲಿ, ಲೆಕ್ಕಪತ್ರದಲ್ಲಿ ಇರುವವರೆಗೂ ಭಯಕ್ಕೆ ಕಾರಣವಿಲ್ಲ. ಕಾರ್ಖಾನೆ ಮುಚ್ಚಿ ಯಂತ್ರಗಳು ಗುಜರಿಗೆ ಹೋಗುವ ದಿನವೇ ಎಚ್ಚರದ ದಿನ. ಬಾಗಿಲು ಮುಚ್ಚಿದ ಕಾರ್ಖಾನೆಗಳನ್ನು ಈ ಪ್ರದೇಶ ಕಂಡಿರುವುದರಿಂದ, ಹಳೆಯ ಕಬ್ಬಿಣ ಕೊಳ್ಳುವವರಿಗೆ ವಿಕಿರಣದ ಮೂರೆಲೆಯ ಚಿಹ್ನೆಯ ಪರಿಚಯ ಇರಲೇಬೇಕು.

ಹೀಗೆ ನಾಲ್ಕು ಜಾತಿ. ಯಾವ ಜಾತಿ, ಹೊರಗಿದೆಯೋ ಒಳಗೆ ಹೋಗುತ್ತದೆಯೋ, ಎಷ್ಟು ಕಾಲ ಇರುತ್ತದೆ, ಈ ಮೂರನ್ನು ಹೇಳದೆ 'ವಿಕಿರಣ ಇದೆ' ಎಂದರೂ 'ವಿಕಿರಣ ಇಲ್ಲ' ಎಂದರೂ ಅರ್ಥವಾಗುವುದಿಲ್ಲ. ನಮ್ಮ ಕಡೆಯ ತೊಗರಿಬೇಳೆಯನ್ನೇ ನೋಡಿ. ಅದರಲ್ಲಿ ಪೊಟ್ಯಾಸಿಯಂ ಹೇರಳ; ಪೊಟ್ಯಾಸಿಯಮ್ಮಿನ ಒಂದು ಅಲ್ಪಾಂಶ ಸೃಷ್ಟಿಯಿಂದಲೇ ವಿಕಿರಣಶೀಲ. ಒಂದು ಕಿಲೋ ಬೇಳೆಯಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 400 ಪರಮಾಣುಗಳು ಸಿಡಿಯುತ್ತಿರುತ್ತವೆ. ವಯಸ್ಕನ ಮೈಯಲ್ಲಿ ಸುಮಾರು 4,400. ಆದರೂ ಬೇಳೆಯಿಂದ ಕೇಡಿಲ್ಲ, ಏಕೆಂದರೆ ದೇಹವು ಪೊಟ್ಯಾಸಿಯಮ್ಮನ್ನು ಒಂದು ಮಟ್ಟದಲ್ಲಿಯೇ ಇಟ್ಟುಕೊಂಡು ಹೆಚ್ಚಾದುದನ್ನು ಹೊರಹಾಕುತ್ತದೆ. ಅದು ಹೊರಬಿಡುವುದೂ ಬೀಟಾ, ಗಾಮಾಗಳನ್ನೇ ಹೊರತು ಆಲ್ಫಾವನ್ನಲ್ಲ. ಆದುದರಿಂದ 'ಬೇಳೆಯಲ್ಲಿಯೂ ಇದೆ' ಎಂಬ ಸಮಾಧಾನವನ್ನು ಬೇಳೆಗೆ ಮಾತ್ರ ಅನ್ವಯಿಸಬೇಕು, ಗಣಿಗಲ್ಲ.

ಈಗ ಗಣಿಯ ಮಾತಿಗೆ ಬರೋಣ. ಗೋಗಿಯ ಅದಿರಿನಲ್ಲಿ ಯುರೇನಿಯಂ ಆಕ್ಸೈಡಿನ ಪ್ರಮಾಣ ಶೇಕಡ 0.2ರ ಆಸುಪಾಸು. ಭಾರತದ ಬೇರೆ ಗಣಿಗಳಿಗೆ ಹೋಲಿಸಿದರೆ ಇದು ಶ್ರೀಮಂತ ಅದಿರು. ಆಸೆ ಹುಟ್ಟುವುದು ಸಹಜ. ಆದರೆ ಇದರ ಇನ್ನೊಂದು ಮುಖವನ್ನು ಗಮನಿಸಬೇಕು. ಸಾವಿರ ಕಿಲೋ ಕಲ್ಲು ತೆಗೆದರೆ ಒಯ್ಯುವುದು ಎರಡು ಕಿಲೋ, ಊರಿಗೆ ಬಿಟ್ಟುಹೋಗುವುದು 998 ಕಿಲೋ. ಈ ಉಳಿದದ್ದು ಬರಿಯ ಕಲ್ಲುಪುಡಿಯಲ್ಲ. ಯುರೇನಿಯಂ-238 ಸೀಸವಾಗುವ ಮೊದಲು ಹದಿನಾಲ್ಕು ಮೆಟ್ಟಿಲುಗಳನ್ನು ಇಳಿಯುತ್ತದೆ: ಎಂಟು ಆಲ್ಫಾ, ಆರು ಬೀಟಾ. ನಡುವೆ ಹುಟ್ಟುವ ಥೋರಿಯಂ-230, ರೇಡಿಯಂಗಳು ಯುರೇನಿಯಮ್ಮಿನೊಡನೆ ಹೋಗುವುದಿಲ್ಲ, ಪುಡಿಯಲ್ಲಿಯೇ ಉಳಿಯುತ್ತವೆ. ಅದಿರಿನ ವಿಕಿರಣದಲ್ಲಿ ಶೇಕಡ 85ರಷ್ಟು ಈ ತ್ಯಾಜ್ಯದಲ್ಲಿರುತ್ತದೆ. ರೇಡಿಯಂ ಅರ್ಧಕ್ಕಿಳಿಯಲು 1,600 ವರ್ಷ. ಥೋರಿಯಂ-230ಕ್ಕೆ ಸುಮಾರು 75,000 ವರ್ಷ. ಸೇಡಮ್ಮಿನ ನೆರೆಯ ಮಳಖೇಡದಲ್ಲಿ ರಾಷ್ಟ್ರಕೂಟರು ಆಳಿದ್ದು ಸಾವಿರದ ಇನ್ನೂರು ವರ್ಷಗಳ ಹಿಂದೆ. ಅವರ ರಾಜಧಾನಿಯಲ್ಲಿ ಇಂದು ಉಳಿದಿರುವುದು ಪಾಳುಕೋಟೆ. ಅದಕ್ಕಿಂತಲೂ ಹೆಚ್ಚು ಕಾಲ ಕಾಯಬೇಕಾದ ಕೊಳವೊಂದನ್ನು ಯಾವ ಸಂಸ್ಥೆ, ಯಾವ ಸರ್ಕಾರ ಕಾದೀತು?

ರೇಡಿಯಂ ಒಡೆದಾಗ ಹುಟ್ಟುವುದು ರೇಡಾನ್ ಎಂಬ ಅನಿಲ. ವಾಸನೆಯಿಲ್ಲ, ಬಣ್ಣವಿಲ್ಲ, ಆಲ್ಫಾ ಹೊರಬಿಡುತ್ತದೆ. ಗಣಿಯ ಸುರಂಗದಲ್ಲಿ ಗಾಳಿಯಾಡದಿದ್ದರೆ ಗಣಿಕಾರರ ಶ್ವಾಸಕೋಶಕ್ಕೆ ಅರ್ಬುದವನ್ನು ತರುತ್ತದೆ. ಇನ್ನು ನೀರು. ಗೋಗಿಯ ಸುತ್ತಲಿನ ಕೆಲವು ಬಾವಿಗಳಲ್ಲಿ ಯುರೇನಿಯಂ ಮಿತಿಮೀರಿರುವುದನ್ನು ಅಧ್ಯಯನಗಳು ತೋರಿಸಿವೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಗೊತ್ತುಮಾಡಿದ್ದು 60. ಈಚೆಗೆ ಭಾರತೀಯ ಮಾನಕ ಸಂಸ್ಥೆಯೂ 30ನ್ನೇ ಒಪ್ಪಿದೆ. ನೀರಿನ ಯುರೇನಿಯಂ ಮೊದಲು ಕೆಡಿಸುವುದು ಮೂತ್ರಪಿಂಡವನ್ನು. ಅದೂ ಕಿರಣದಿಂದಲ್ಲ, ಭಾರಲೋಹದ ವಿಷಗುಣದಿಂದ. ನೀರು ಕಾಯಿಸಿದರೆ ಇದು ಹೋಗದು, ಬದಲಾಗಿ ಗಟ್ಟಿಗೊಳ್ಳುತ್ತದೆ. ಊರೂರಿನ ಶುದ್ಧನೀರಿನ ಘಟಕಗಳಲ್ಲಿರುವ ಆರ್.ಓ. ಯಂತ್ರ ಇದನ್ನು ಬೇರ್ಪಡಿಸಬಲ್ಲದು. ಆದರೆ ಯಂತ್ರ ಕೆಟ್ಟು ನಿಂತರೆ? ಅದು ಹೊರಬಿಡುವ ಕೊಳೆನೀರು ಮತ್ತೆ ಅದೇ ನೆಲಕ್ಕೆ ಇಳಿದರೆ?

ಇಲ್ಲಿಯೇ ನಾಲ್ಕು ಜಾತಿಗಳ ಅರಿವು ಉಪಯೋಗಕ್ಕೆ ಬರುವುದು. ಅಧಿಕಾರಿಯೊಬ್ಬರು ಕೈಯಲ್ಲಿ ಎಣಿಕೆಯಂತ್ರ ಹಿಡಿದು ಊರ ಅಗಸೆಯಲ್ಲಿ ನಿಂತು, ಮುಳ್ಳು ಮೇಲೇಳಲಿಲ್ಲ, ಎಲ್ಲ ಸರಿಯಾಗಿದೆ ಎಂದರೆಂದು ಇಟ್ಟುಕೊಳ್ಳೋಣ. ಅವರು ಸುಳ್ಳಾಡಿದಂತಾಗುವುದಿಲ್ಲ. ಆದರೆ ಆ ಯಂತ್ರ ಅಲ್ಲಿ ಅಳೆಯುವುದು ಬಹುಮಟ್ಟಿಗೆ ಗಾಮಾವನ್ನು. ಹಾನಿ ಬರುವ ದಾರಿ ಆಲ್ಫಾದ್ದು, ನೀರು ಮತ್ತು ಉಸಿರಿನ ಮೂಲಕ. ಕೊಡದ ನೀರಿನ ಯುರೇನಿಯಂ ಆ ಮುಳ್ಳನ್ನು ಅಲುಗಿಸದು. ಅದಕ್ಕೆ ಬೇಕಾದದ್ದು ಪ್ರಯೋಗಶಾಲೆಯಲ್ಲಿ ನೀರಿನ ಪರೀಕ್ಷೆ, ಮನೆಯ ಒಳಗಿನ ಗಾಳಿಯಲ್ಲಿ ತಿಂಗಳುಗಟ್ಟಲೆ ರೇಡಾನಿನ ಅಳತೆ.

ಇನ್ನೊಂದು ಮಾತು. ಈ ಯುರೇನಿಯಂ ಗಣಿಯಿಂದ ಬಂದದ್ದೇ ಆಗಬೇಕಿಲ್ಲ. ಕಲ್ಲಿನಲ್ಲಿರುವುದು ತಾನಾಗಿಯೂ ನೀರಿನಲ್ಲಿ ಕರಗುತ್ತದೆ. ವಿವಾದದ ಬೇರು ಇರುವುದು ಇಲ್ಲಿ. ಆಂಧ್ರದ ಕಡಪ ಜಿಲ್ಲೆಯ ತುಮ್ಮಲಪಲ್ಲೆಯಲ್ಲಿ ಗೋಗಿಯಂತೆಯೇ ಸುಣ್ಣದ ಜಾತಿಯ ಕಲ್ಲಿನಿಂದ ಯುರೇನಿಯಂ ತೆಗೆಯಲಾಗುತ್ತಿದೆ. ಇಂಥ ಕಲ್ಲು ಆಮ್ಲವನ್ನು ನುಂಗಿಬಿಡುವುದರಿಂದ ಅಲ್ಲಿ ಕ್ಷಾರದ ದ್ರಾವಣ ಬಳಸುತ್ತಾರೆ. ಗೋಗಿಯ ಅದಿರಿಗೂ ಹೇಳಿರುವ ವಿಧಾನ ಅದೇ. ತ್ಯಾಜ್ಯದ ಕೊಳದ ನೆರೆಯ ರೈತರು ತಮ್ಮ ಕೊಳವೆಬಾವಿಗಳು ಕೆಟ್ಟವೆಂದು ದೂರಿದರು. ಗಣಿ ನಡೆಸುವ ಸಂಸ್ಥೆ ಅದನ್ನು ಒಪ್ಪಲಿಲ್ಲ. ಗಣಿಗೆ ಮೊದಲು ಆ ಬಾವಿಗಳ ನೀರು ಹೇಗಿತ್ತೆಂಬ ಲೆಕ್ಕ ರೈತನ ಕೈಯಲ್ಲಿಲ್ಲದಿದ್ದರೆ ಇಂಥ ವಾದ ಎಂದಿಗೂ ತೀರುವುದಿಲ್ಲ. ತೀರದ ವಾದದಲ್ಲಿ ಸೋಲುವವನು ಯಾವಾಗಲೂ ಬಾವಿಯ ನೀರು ಕುಡಿಯುವವನೇ.

ದೇಶಕ್ಕೆ ವಿದ್ಯುತ್ತು ಬೇಕು. ಕಲ್ಲಿದ್ದಲಿನ ಹೊಗೆಯೂ ನಿರಪಾಯಕರವಲ್ಲ, ಅದರ ಬೂದಿಯಲ್ಲಿಯೂ ಯುರೇನಿಯಮ್ಮಿನ ಅಂಶವುಂಟು. ಅಣುಶಕ್ತಿಯನ್ನು ಹೆಸರು ಕೇಳಿದ ಮಾತ್ರಕ್ಕೆ ತಳ್ಳಿಬಿಡುವುದು ವಿವೇಕವಲ್ಲ. ಆದರೆ ದೇಶದ ದೀಪಕ್ಕೆ ಎಣ್ಣೆ ಕೊಡುವ ಊರು ತನ್ನ ನೀರಿನ ಲೆಕ್ಕ ಕೇಳಿದರೆ ಅದನ್ನು ಅಡ್ಡಿಯೆಂದು ಎಣಿಸುವುದು ನ್ಯಾಯವೂ ಅಲ್ಲ. ಸಾರ್ವಜನಿಕ ವಿಚಾರಣೆಯಲ್ಲಿ ಜನರು ವಿಜ್ಞಾನಿಗಳಿಗೆ ವಿಜ್ಞಾನವನ್ನು ಕಲಿಸುತ್ತಿರಲಿಲ್ಲ, ನಿಜ. ಆದರೆ ಯಾವ ಬಾವಿಯ ನೀರನ್ನು ಎಷ್ಟು ಮನೆ ಕುಡಿಯುತ್ತವೆ, ಮಳೆಗಾಲದಲ್ಲಿ ಯಾವ ಹಳ್ಳ ಎಲ್ಲಿಗೆ ಹರಿಯುತ್ತದೆ ಎಂಬ ವಿಷಯದಲ್ಲಿ ಅವರಿಗಿಂತ ದೊಡ್ಡ ಪಂಡಿತರಿಲ್ಲ. ಆ ಪಾಂಡಿತ್ಯಕ್ಕೆ ಬಾಗಿಲು ಮುಚ್ಚಿದ್ದು ವಿಜ್ಞಾನಕ್ಕೇ ಆದ ನಷ್ಟ.

ವಿಚಾರಣೆಯ ಪೆಂಡಾಲು ಬೀಳದಿದ್ದರೂ ಗ್ರಾಮಸಭೆಗಳು ಇನ್ನೂ ಇವೆ. ಶಹಾಪುರದಿಂದ ಚಿತ್ತಾಪುರ, ಸೇಡಂ, ಚಿಂಚೋಳಿಗಳವರೆಗೆ, ಈ ಕಲ್ಲಿನ ಮೇಲೆ ಬದುಕುವ ಎಲ್ಲ ಊರುಗಳೂ ಒಂದೇ ಒಂದು ಬೇಡಿಕೆಯನ್ನು ಮುಂದಿಡಬಹುದು: ಗಣಿ ಬರಲಿ, ಬಿಡಲಿ, ಮೊದಲು ಇಂದಿನ ನೀರನ್ನು ಅಳೆಯಿರಿ. ಪ್ರತಿಯೊಂದು ಕುಡಿಯುವ ನೀರಿನ ಮೂಲದಲ್ಲಿ ಯುರೇನಿಯಂ ಎಷ್ಟು, ರೇಡಿಯಂ ಎಷ್ಟು, ಮನೆಯೊಳಗಿನ ಗಾಳಿಯಲ್ಲಿ ರೇಡಾನ್ ಎಷ್ಟು ಎಂಬುದನ್ನು ಬೇಸಗೆಯಲ್ಲೊಮ್ಮೆ, ಮಳೆಗಾಲದ ತರುವಾಯ ಒಮ್ಮೆ ಅಳೆದು, ಕನ್ನಡದಲ್ಲಿ ಬರೆದು, ಪಂಚಾಯಿತಿಯ ಗೋಡೆಗೆ ಅಂಟಿಸಿರಿ. ಇದಕ್ಕೆ ಹೊಸ ಕಾನೂನು ಬೇಡ, ದೊಡ್ಡ ಹಣವೂ ಬೇಡ. ನಾಳೆ ಗಣಿ ನಿರ್ದೋಷಿಯಾದರೆ ಈ ಕಾಗದವೇ ಅದನ್ನು ಕಾಪಾಡೀತು. ದೋಷಿಯಾದರೆ ಊರನ್ನು ಕಾಪಾಡೀತು. ಗಣಿ ಬಾರದೆಯೇ ಹೋದರೂ, ಮಿತಿಮೀರಿದ ಬಾವಿಯ ನೀರನ್ನು ತನ್ನ ಮಗುವಿಗೆ ಕುಡಿಸಬಾರದೆಂದು ಒಬ್ಬ ತಾಯಿಗಾದರೂ ತಿಳಿದೀತು.